ಹಾಡದವರ ಮನೆಗೊಂದು ಎಲೆಕ್ಟ್ರಾನಿಕ್ ತಂಬೂರಿ

ಎಲೆಕ್ಟ್ರಾನಿಕ್ ತಂಬೂರಿಯನ್ನು ಅಂಗಡಿಯವರು ಸಂಗೀತ ಕಲಿಯುವ ಮಕ್ಕಳಿಗೆ, ಕಛೇರಿ ನಡೆಸುವ ವಿದ್ವಾಂಸರಿಗೆ ಮತ್ತು ಭಜನಾ ಮಂಡಳಿಗಳಿಗೆಂದೇ ಮಾರುತ್ತಾರೆ. ಕೊಳ್ಳಲು ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆಯೇ ‘ತಮ್ಮ ಶ್ರುತಿ ಎಷ್ಟು?’, ಎಂದರೆ ಹಾಡಲು ಆಧಾರವಾಗುವ ಷಡ್ಜದ ಎತ್ತರವೆಷ್ಟು, ಎಂಬುದು. ನನಗೆ ಶ್ರುತಿಯೆಂಬುದಿಲ್ಲ, ಏಕೆಂದರೆ ನಾನು ಹಾಡುವುದಿಲ್ಲ. ಅಮ್ಮ ಒಲೆಯ ಮುಂದೆ ನಿಂತು ದೇವರನಾಮ ಗುನುಗುವುದನ್ನು ಬಿಟ್ಟರೆ ನಮ್ಮ ಮನೆಯಲ್ಲಿ ಬೇರೆ ಯಾರೂ ಹಾಡುವವರಿಲ್ಲ. ಆದರೂ ಈಚಿನ ವರ್ಷಗಳಲ್ಲಿ ಮನೆಗೆ ಬಂದ ಸಾಮಾನುಗಳ ಪೈಕಿ ದಿನವೂ ಬಳಕೆಯಾಗುವ, ಬಳಸಿದಷ್ಟೂ ಬೇಸರ ತರದ ಸಾಮಾನು ಯಾವುದೆಂದು ಕೇಳಿದರೆ ಈ ಪೆಟ್ಟಿಗೆಯ ಕಡೆಗೇ ನಾನು ಕೈ ತೋರಿಸುತ್ತೇನೆ. ಸಂಗೀತಗಾರರಿಗೆ ಇದು ಎಷ್ಟು ಉಪಯುಕ್ತ ಎಂಬುದನ್ನು ಸಂಗೀತಗಾರರೇ ಹೇಳಬೇಕು. ಹಾಡದೆ, ಕೇಳುವುದರಲ್ಲಷ್ಟೇ ಸುಖ ಕಾಣುವ ಒಂದು ಸಾಮಾನ್ಯ ಮನೆಗೆ ಇದು ಹೇಗೆ ಒದಗಿಬರುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವ್ಯಾಪ್ತಿ.

ಯಾವುದೋ ಒಂದು ಕಂಪನಿಯ ಯಾವುದೋ ಒಂದು ಮಾಡೆಲನ್ನು ಹಿಡಿದು ಹೊಗಳುವ ಅಥವಾ ತೆಗಳುವ ಉದ್ದೇಶ ನನಗಿಲ್ಲದ್ದರಿಂದ ನಮ್ಮ ಮನೆಯ ಪೆಟ್ಟಿಗೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಲೇಬೇಕಾದ ಒಂದು ಹೆಸರಿದೆ. ಕೊಳಲು ನುಡಿಸುತ್ತಿದ್ದ ಎಂಜಿನಿಯರ್ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲಿ ಈ ಬಗೆಯ ಶ್ರುತಿವಾದ್ಯವನ್ನು ರೂಪಿಸಿದರು. ಅವರ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ಅಲ್ಲಿಂದ ಮುಂದೆ ದೇಶದ ಎಷ್ಟೋ ವೇದಿಕೆಗಳಿಗೂ ಮನೆಗಳಿಗೂ ಹೋದವು. ಇಂದು ಹಲವು ಸಂಸ್ಥೆಗಳು ಇಂಥವನ್ನು ತಯಾರಿಸುತ್ತಿವೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದರಿಂದ ಹಿಡಿದು ವೇದಿಕೆಯ ಮೇಲೆ ಇಡುವ ದೊಡ್ಡದರವರೆಗೆ ಅಳತೆಗಳು ಬೇರೆ ಬೇರೆಯಾದರೂ ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ. ಶ್ರುತಿಯನ್ನು ಆರಿಸಿಕೊಳ್ಳಲು ಒಂದು ಗುಂಡಿ, ಅದನ್ನು ಕೂದಲೆಳೆಯಷ್ಟು ಏರಿಸಿ ಇಳಿಸಲು ಇನ್ನೊಂದು, ಮೀಟಿನ ವೇಗಕ್ಕೆ ಮತ್ತೊಂದು, ಮೊದಲ ತಂತಿ ಪಂಚಮವೋ (ಪ) ಮಧ್ಯಮವೋ (ಮ) ನಿಷಾದವೋ (ನಿ) ಎಂದು ತೀರ್ಮಾನಿಸಲು ಇನ್ನೊಂದು, ಇದೆಲ್ಲದರ ಜೊತೆಗೆ ವಾಲ್ಯೂಮು.

ಈ ಪೆಟ್ಟಿಗೆ ಏನನ್ನು ಅನುಕರಿಸುತ್ತಿದೆ ಎಂಬುದು ಗೊತ್ತಿಲ್ಲದೆ ಅದರ ಗುಣದೋಷಗಳನ್ನು ತೂಗಲಾಗದು. ಮರದ ತಂಬೂರಿಯಲ್ಲಿ ಇರುವುದು ನಾಲ್ಕೇ ತಂತಿ: ಪಂಚಮ, ಸಾರಣೆ, ಅನುಸಾರಣೆ, ಮಂದ್ರ. ಸ್ವರದ ಲೆಕ್ಕದಲ್ಲಿ ಇವು ಎರಡೇ, ಪ ಮತ್ತು ಸ (ಷಡ್ಜ). ಆದರೆ ಚೆನ್ನಾಗಿ ಶ್ರುತಿಗೂಡಿಸಿದ ತಂಬೂರಿಯ ಬಳಿ ಕುಳಿತರೆ ಯಾರೂ ಮೀಟದ ಗಾಂಧಾರವೊಂದು (ಗ) ಮೇಲೆ ತೇಲಿಬರುವುದು ಎಂಥವರಿಗೂ ಕೇಳಿಸುತ್ತದೆ. ಮಂದ್ರ ಷಡ್ಜದ, ಎಂದರೆ ಕೆಳಗಿನ ಸ್ಥಾಯಿಯ ಷಡ್ಜದ, ಐದು ಪಟ್ಟು ಕಂಪನಸಂಖ್ಯೆಯಲ್ಲಿ ಹುಟ್ಟುವ ಈ ಸ್ವರವನ್ನು ಸಂಗೀತಗಾರರು ಸ್ವಯಂಭೂ ಎಂದು ಕರೆಯುತ್ತಾರೆ. ಇದಕ್ಕೆ ಕಾರಣ ಕುದುರೆಯ, ಎಂದರೆ ತಂತಿಗಳನ್ನು ಹೊತ್ತ ಸೇತುವೆಯ, ಮೇಲ್ಮೈ ಚೂಪಾಗಿರದೆ ಮೆಲ್ಲನೆ ಬಾಗಿರುವುದು, ಮತ್ತು ಆ ಬಾಗಿನ ಮೇಲೆ ತಂತಿಯಡಿ ಸಿಗಿಸುವ ಜೀವಾಳವೆಂಬ ಒಂದೆಳೆ ದಾರ. ಕಂಪಿಸುವ ತಂತಿ ಆ ಬಾಗನ್ನು ಮತ್ತೆ ಮತ್ತೆ ಸವರುವುದರಿಂದ ಮೇಲಿನ ಸ್ವರಗಳು ಒಂದೊಂದಾಗಿ ಅರಳುತ್ತವೆ. ಸಿ. ವಿ. ರಾಮನ್ ಅವರು 1921ರಲ್ಲಿ ಪ್ರಕಟಿಸಿದ ತಮ್ಮ ಲೇಖನದಲ್ಲಿ ತಂಬೂರಿ ಮತ್ತು ವೀಣೆಗಳ ಈ ವಿಶೇಷವನ್ನೇ ಗುರುತಿಸಿದ್ದರು: ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಪುಸ್ತಕದ ನಿಯಮದ ಪ್ರಕಾರ ಕೆಲವು ಸ್ವರಗಳು ಹುಟ್ಟಲೇಬಾರದೋ, ಅಲ್ಲಿ ಮೀಟಿದರೂ ತಂಬೂರಿಯಲ್ಲಿ ಅವು ಸ್ಪಷ್ಟವಾಗಿ ಕೇಳುತ್ತವೆ.

ಹೀಗಾಗಿ ಎಲೆಕ್ಟ್ರಾನಿಕ್ ಪೆಟ್ಟಿಗೆಯ ಪರೀಕ್ಷೆ ನಡೆಯಬೇಕಾದದ್ದು ಸ-ಪ ಸರಿಯಿದೆಯೇ ಎಂಬಲ್ಲಿ ಅಲ್ಲ. ಅದು ಎಂದೂ ತಪ್ಪುವುದಿಲ್ಲ. ಗಾಂಧಾರ ಅರಳುತ್ತದೆಯೇ ಎಂಬಲ್ಲಿ. ಹಳೆಯ ಪೆಟ್ಟಿಗೆಗಳು ನಾದವನ್ನು ಸರ್ಕ್ಯೂಟಿನಲ್ಲೇ ಹುಟ್ಟಿಸುತ್ತಿದ್ದವು. ಅವುಗಳ ಮೀಟು ಕೇಳಿದೊಡನೆ ಯಂತ್ರದ್ದೆಂದು ತಿಳಿಯುತ್ತಿತ್ತು. ಈಗಿನ ಹೆಚ್ಚಿನ ಪೆಟ್ಟಿಗೆಗಳು ನಿಜವಾದ ತಂಬೂರಿಯ ಮೀಟನ್ನೇ ಮುದ್ರಿಸಿ ಇಟ್ಟುಕೊಂಡಿರುತ್ತವೆ. ನಮ್ಮದು ಈ ಎರಡನೆಯ ಜಾತಿಯದು. ರಾತ್ರಿ ಫ್ಯಾನ್ ಆರಿಸಿ, ವಾಲ್ಯೂಮನ್ನು ಕಾಲುಭಾಗಕ್ಕಿಟ್ಟು ಕೇಳಿದರೆ ಮಂದ್ರದ ಮೀಟು ಬಿದ್ದು ಒಂದು ಉಸಿರು ಕಳೆಯುವಷ್ಟರಲ್ಲಿ ಗಾಂಧಾರ ಮೇಲೇರುವುದು ಗೊತ್ತಾಗುತ್ತದೆ. ಅದೇ ವಾಲ್ಯೂಮನ್ನು ಮುಕ್ಕಾಲಿಗೆ ಏರಿಸಿದರೆ ಸ್ಪೀಕರು ಗರಗರ ಎನ್ನತೊಡಗಿ ಗಾಂಧಾರ ಅದರಲ್ಲಿ ಮುಳುಗಿಹೋಗುತ್ತದೆ. ಮೆತ್ತಗೆ ಇಟ್ಟು ಕೇಳಬೇಕಾದ ವಾದ್ಯವಿದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅಷ್ಟು ಪುಟ್ಟ ಸ್ಪೀಕರಿನಿಂದ ಮಂದ್ರದ ಆಳ ಹೇಗೆ ಬರುತ್ತದೆ ಎಂದು ಕೇಳುವವರಿದ್ದಾರೆ. ನಿಜವಾಗಿ ಅದು ಬರುವುದೇ ಇಲ್ಲ. ಗಂಡಸರ ಒಂದೂವರೆ ಮನೆ ಶ್ರುತಿಯಲ್ಲಿ (ಮನೆ ಎಂದರೆ ಶ್ರುತಿಯ ಎತ್ತರವನ್ನು ಎಣಿಸುವ ಅಳತೆ) ಮಂದ್ರ ಷಡ್ಜವೆಂದರೆ ಸುಮಾರು 69 ಹರ್ಟ್ಸ್. ಬೊಗಸೆಯಗಲದ ಸ್ಪೀಕರು ಆ ಕಂಪನವನ್ನು ಹೊರಡಿಸಲಾರದು. ಅದರ ಎರಡು ಪಟ್ಟು, ಮೂರು ಪಟ್ಟು ಎಂಬಂಥ ಮೇಲಿನ ಕಂಪನಗಳಷ್ಟೇ ಹೊರಬರುತ್ತವೆ. ಅವುಗಳ ನಡುವಿನ ಅಂತರವನ್ನು ಹಿಡಿದು, ಇಲ್ಲದ ಮೂಲಸ್ವರವನ್ನು ನಮ್ಮ ಕಿವಿ ಮತ್ತು ಮಿದುಳು ಸೇರಿಕೊಂಡು ತುಂಬಿಸಿಕೊಳ್ಳುತ್ತವೆ. ಹೊರಗಿನ ಒಳ್ಳೆಯ ಸ್ಪೀಕರಿಗೆ ಜೋಡಿಸಿದರೆ ವ್ಯತ್ಯಾಸ ತಕ್ಷಣ ಅರಿವಿಗೆ ಬರುತ್ತದೆ, ನಿಜ. ಆದರೆ ಅಡುಗೆಮನೆಯ ಕಟ್ಟೆಯ ಮೇಲೆ ಕಾಫಿ ಫಿಲ್ಟರಿಗೂ ರವೆಯ ಡಬ್ಬಕ್ಕೂ ನಡುವೆ ಕೂರುವ ಪೆಟ್ಟಿಗೆಗೆ ಅಷ್ಟು ಉಪಚಾರ ಬೇಡ.

ಅಡುಗೆಮನೆ ಎಂದು ಬೇಕೆಂದೇ ಹೇಳಿದೆ. ನಮ್ಮಲ್ಲಿ ಈ ಪೆಟ್ಟಿಗೆ ದೇವರಮನೆಯಲ್ಲೂ ಇರಲಿಲ್ಲ, ಹಜಾರದ ಶೋಕೇಸಿನಲ್ಲೂ ಇರಲಿಲ್ಲ. ಬೆಳಗಿನ ಹೊತ್ತು ಮನೆಯ ಜೀವ ಇರುವ ಕಡೆ ಇರಲಿ ಎಂದು ಅಲ್ಲಿಟ್ಟೆವು. ರೇಡಿಯೊ ಅಥವಾ ಫೋನಿನಲ್ಲಿ ಹಾಡು ಹಾಕಿದರೆ ಅದನ್ನು ಕೇಳಬೇಕಾಗುತ್ತದೆ. ಸಾಹಿತ್ಯ ಕರೆಯುತ್ತದೆ, ಪಲ್ಲವಿ ಮುಗಿದು ಚರಣ ಯಾವಾಗ ಬರುತ್ತದೆಂದು ಮನಸ್ಸು ಕಾಯುತ್ತದೆ, ನಡುವೆ ಮಿಕ್ಸಿ ತಿರುಗಿಸಿದರೆ ಹಾಡು ಹಾಳಾಯಿತೆಂದು ಸಿಡುಕು ಬರುತ್ತದೆ. ತಂಬೂರಿಗೆ ಆದಿಯೂ ಅಂತ್ಯವೂ ಇಲ್ಲದ್ದರಿಂದ ಅದು ಯಾರ ಗಮನವನ್ನೂ ಬೇಡುವುದಿಲ್ಲ. ಮಿಕ್ಸಿಯ ಅಬ್ಬರ ನಿಂತಾಗ ಅದು ಅಲ್ಲೇ ಇರುತ್ತದೆ, ಕುಕ್ಕರ್ ಕೂಗಿ ಸುಮ್ಮನಾದಾಗ ಅಲ್ಲೇ ಇರುತ್ತದೆ. ಕೆಲಸಕ್ಕೆ ಕೈ ಒಪ್ಪಿಸಿ ನಿಂತವರಿಗೆ ಇದಕ್ಕಿಂತ ಸಭ್ಯವಾದ ಜೊತೆಯನ್ನು ನಾನು ಕಂಡಿಲ್ಲ.

ಇಲ್ಲಿ ಫ್ರಿಜ್ಜಿನ ಮಾತನ್ನೂ ಹೇಳಬೇಕು, ಏಕೆಂದರೆ ಪೆಟ್ಟಿಗೆಯ ಸೂಕ್ಷ್ಮ ಶ್ರುತಿಯ ಗುಂಡಿಗೆ ಇಂಥ ಉಪಯೋಗವಿರಬಹುದೆಂದು ತಯಾರಕರು ಊಹಿಸಿರಲಾರರು. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸಿನದು. ಅದರಿಂದ ನಡೆಯುವ ಫ್ರಿಜ್ಜು ಮತ್ತು ಸ್ಟೆಬಿಲೈಸರುಗಳ ಗುಂಯ್‌ಗುಡುವಿಕೆ ಅದರ ಇಮ್ಮಡಿಯಾದ 100 ಹರ್ಟ್ಸಿನಲ್ಲಿ ನೆಲೆಯಾಗಿರುತ್ತದೆ. ತಂಬೂರಿಯನ್ನು ಐದು ಮನೆ ಶ್ರುತಿಗೆ ಇಟ್ಟರೆ ಮಂದ್ರ ಷಡ್ಜ 98 ಹರ್ಟ್ಸ್ ಆಗುತ್ತದೆ. ಎರಡೂ ಒಟ್ಟಿಗೆ ಮೊಳಗಿದಾಗ ಸೆಕೆಂಡಿಗೆ ಎರಡು ಸಲ ಉಬ್ಬಿ ತಗ್ಗುವ ಒಂದು ಅಹಿತಕರ ಅಲೆ ಏಳುತ್ತದೆ. ಏನೋ ಸರಿಯಿಲ್ಲ ಎಂದೆನಿಸಿದರೂ ಏನೆಂದು ಗೊತ್ತಾಗುವುದಿಲ್ಲ. ಸೂಕ್ಷ್ಮ ಶ್ರುತಿಯ ಗುಂಡಿಯನ್ನು ಮೇಲ್ಮುಖವಾಗಿ ಸ್ವಲ್ಪ, ಅರ್ಧಸ್ವರದ ಮೂರನೆಯ ಒಂದು ಭಾಗದಷ್ಟು, ತಿರುಗಿಸಿದರೆ ಅಲೆ ನಿಧಾನವಾಗುತ್ತ ಬಂದು ಒಂದು ಹಂತದಲ್ಲಿ ನಿಂತೇಬಿಡುತ್ತದೆ. ಅಲ್ಲಿಂದ ಮುಂದೆ ಫ್ರಿಜ್ಜೂ ತಂಬೂರಿಯ ಮಂದ್ರ ತಂತಿಯೇ. ಕಂಪ್ರೆಸರ್ ಆನ್ ಆದಾಗಲೆಲ್ಲ ಗೊಣಗಿಕೊಳ್ಳುತ್ತಿದ್ದ ನಾನು ಈಗ ಅದು ಆನ್ ಆಗುವುದನ್ನು ಕಾಯುತ್ತೇನೆ. ಹಿತಕ್ಕೆ ಇಷ್ಟು ಅಗ್ಗದ ದಾರಿ ಇನ್ನೊಂದಿಲ್ಲ.

ಅಮ್ಮನ ಗುನುಗಿನ ಮೇಲೆ ಇದು ಮಾಡಿದ ಪರಿಣಾಮವನ್ನು ಮಾತ್ರ ನಾನು ನಿರೀಕ್ಷಿಸಿರಲಿಲ್ಲ. ಮೊದಲೆಲ್ಲ ಅವರ ದೇವರನಾಮ ಒಂದು ಕಡೆ ಶುರುವಾಗಿ ಇನ್ನೊಂದು ಕಡೆ ಮುಗಿಯುತ್ತಿತ್ತು. ಪಲ್ಲವಿಗೂ ಕೊನೆಯ ನುಡಿಗೂ ನಡುವೆ ಶ್ರುತಿ ಒಂದು ಮನೆ ಇಳಿದಿರುತ್ತಿತ್ತು. ಯಾರೂ ತಿದ್ದಲಿಲ್ಲ, ಹೇಳಿಕೊಡಲಿಲ್ಲ. ಪೆಟ್ಟಿಗೆ ನುಡಿಯುತ್ತಿರುವಾಗ ದನಿ ತಾನಾಗಿಯೇ ಷಡ್ಜವನ್ನು ಹುಡುಕಿಕೊಂಡು ಬಂದು ಕೂರತೊಡಗಿತು. ಐದು ಮನೆ ಅವರಿಗೆ ಈಗ ಎತ್ತರವಾದ್ದರಿಂದ ಅವರು ಹಾಡುವಾಗ ನಾಲ್ಕಕ್ಕೆ ಇಳಿಸುತ್ತೇವೆ, ಫ್ರಿಜ್ಜಿನ ಸಹವಾಸ ಆಗ ತಪ್ಪುತ್ತದೆ. ‘ಅದನ್ನ ಸ್ವಲ್ಪ ಹಾಕಪ್ಪ’ ಎಂದು ಅವರೇ ಕೇಳುವುದುಂಟು. ಕಛೇರಿಯಲ್ಲಿ ಜರಿಪಂಚೆಯುಟ್ಟ ಶಿಷ್ಯರು ಹಿಂದೆ ಕುಳಿತು ಮೀಟುವ ವಾದ್ಯವೆಂದೇ ತಂಬೂರಿಯನ್ನು ನೋಡುವವರಿಗೆ ಇದು ವಿಚಿತ್ರವೆನಿಸಬಹುದು. ನಮ್ಮ ನಾಡಿನಲ್ಲಿ ಅದು ಎಂದೂ ಕಛೇರಿಗಷ್ಟೇ ಸೇರಿದ್ದಾಗಿರಲಿಲ್ಲ. ದಾಸರ ಹೆಗಲ ಮೇಲೆ ಅದು ಬೀದಿಯಲ್ಲಿ ನಡೆದಿದೆ. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆಯ ನೀಲಗಾರರು ಇಂದಿಗೂ ಮಂಟೇಸ್ವಾಮಿಯ ಕಥೆಯನ್ನು ತಂಬೂರಿ ಹಿಡಿದೇ ರಾತ್ರಿಯಿಡೀ ಹಾಡುತ್ತಾರೆ. ಉತ್ತರ ಕರ್ನಾಟಕದಲ್ಲಿ ತತ್ವಪದ ಹಾಡುವವರ ಕೈಯಲ್ಲಿ ಏಕತಾರಿ ಇದ್ದೇ ಇರುತ್ತದೆ. ಅಡುಗೆಮನೆಗೆ ಬಂದದ್ದರಿಂದ ಅದರ ಮರ್ಯಾದೆಗೆ ಕುಂದೇನೂ ಇಲ್ಲ.

ಸಂಜೆಯ ಹೊತ್ತಿನ ಬಳಕೆ ಬೇರೆ ಬಗೆಯದು. ಮೊದಲ ತಂತಿಯನ್ನು ಪಂಚಮದಿಂದ ಮಧ್ಯಮಕ್ಕೆ ಬದಲಿಸಿದ ಕೂಡಲೇ ಕೋಣೆಯ ಗುಣವೇ ಬದಲಾಗುತ್ತದೆ. ಹಿಂದುಸ್ತಾನಿ ಗಾಯಕರು ಪಂಚಮವಿಲ್ಲದ ಮಾಲಕಂಸದಂಥ ರಾಗಗಳಿಗೆ ಮಧ್ಯಮವನ್ನೂ, ಪಂಚಮವೂ ಇಲ್ಲದ, ಶುದ್ಧ ಮಧ್ಯಮವೂ ಇಲ್ಲದ ಮಾರವಾದಂಥ ರಾಗಗಳಿಗೆ ನಿಷಾದವನ್ನೂ ಹಾಕಿಕೊಳ್ಳುವುದು ಇದಕ್ಕೇ. ನಿಷಾದಕ್ಕೆ ತಿರುಗಿಸಿ ದೀಪ ಹಚ್ಚುವ ಮೊದಲಿನ ಅರೆಬೆಳಕಿನಲ್ಲಿ ಕೇಳಿದರೆ ಆ ಅರ್ಧಸ್ವರದ ತುಯ್ದಾಟ, ನಿಷಾದ ಷಡ್ಜವನ್ನು ಮುಟ್ಟಲು ಹೊರಟು ಮುಟ್ಟದೆ ಉಳಿಯುವುದು, ರಾಗಜ್ಞಾನವಿಲ್ಲದವರಿಗೂ ತಟ್ಟುತ್ತದೆ. ರಾಗವೆಂದರೆ ಏನೆಂದು ಪುಸ್ತಕ ಓದಿ ಅರ್ಥವಾಗದಿದ್ದ ಒಂದು ಸಂಗತಿ, ಷಡ್ಜಕ್ಕೂ ಇತರ ಸ್ವರಕ್ಕೂ ಇರುವ ಸಂಬಂಧವೇ ಭಾವವನ್ನು ಹುಟ್ಟಿಸುತ್ತದೆ ಎಂಬುದು, ನನಗೆ ಈ ಗುಂಡಿಯನ್ನು ತಿರುಗಿಸುತ್ತ ಕುಳಿತಾಗ ಕಿವಿಯಿಂದಲೇ ತಿಳಿಯಿತು. ಆಮೇಲೆ ಧಾರವಾಡದ ಕಡೆಯ ದೊಡ್ಡ ಗಾಯಕರ ಧ್ವನಿಮುದ್ರಣಗಳನ್ನು ಕೇಳುವಾಗ, ಹಿಂದೆ ಬರೀ ಗದ್ದಲವೆಂದು ದಾಟಿಹೋಗುತ್ತಿದ್ದ ಹಿನ್ನೆಲೆಯ ತಂಬೂರಿಗಳನ್ನು ಮೊದಲು ಗಮನಿಸಿ ಆಮೇಲೆ ಗಾಯನಕ್ಕೆ ಹೋಗುವ ಅಭ್ಯಾಸವಾಗಿದೆ.

ಫೋನಿನಲ್ಲಿ ಪುಕ್ಕಟೆಯಾಗಿ ಸಿಗುವ ಆ್ಯಪುಗಳಿರುವಾಗ ಇದಕ್ಕೇಕೆ ದುಡ್ಡು ಹಾಕಬೇಕು ಎಂಬುದು ನ್ಯಾಯವಾದ ಪ್ರಶ್ನೆ. ನಾದದ ಗುಣದಲ್ಲಿ ಒಳ್ಳೆಯ ಆ್ಯಪು ಒಳ್ಳೆಯ ಪೆಟ್ಟಿಗೆಗೆ ಸಮವೇ. ಕೆಲವು ಕಡೆ ಮಿಗಿಲೆಂದರೂ ತಪ್ಪಲ್ಲ. ತೊಂದರೆ ಇರುವುದು ಫೋನಿನಲ್ಲಿ. ಕರೆ ಬಂದರೆ ತಂಬೂರಿ ನಿಲ್ಲುತ್ತದೆ, ಸಂದೇಶ ಬಂದರೆ ಟಿಂಗೆನ್ನುತ್ತದೆ, ಸಂಗೀತಕ್ಕೆಂದು ಕೈಗೆತ್ತಿಕೊಂಡ ಫೋನು ಅರ್ಧಗಂಟೆ ಬೇರೇನನ್ನೋ ನೋಡಿಸಿ ಕೆಳಗಿಳಿಸುತ್ತದೆ. ನಾನು ಮೊದಲು ಬಳಸುತ್ತಿದ್ದ ಒಂದು ಪುಕ್ಕಟೆ ಆ್ಯಪಿನಲ್ಲಿ ನಡುನಡುವೆ ಸಾಲದ ಜಾಹೀರಾತು ಬರುತ್ತಿತ್ತು. ಷಡ್ಜ ಪಂಚಮಗಳ ನಡುವೆ ಪರ್ಸನಲ್ ಲೋನಿನ ಆಮಿಷವನ್ನು ಕೇಳಿದ ಮೇಲೆ ಅದನ್ನು ತೆಗೆದುಹಾಕಿದೆ. ಗಂಟೆಗಟ್ಟಲೆ ನುಡಿಯುವ ತಂಬೂರಿ ವಿಡಿಯೊಗಳಲ್ಲಿಯೂ ಎಷ್ಟೋ ಕಡೆ ಮುದ್ರಣದ ತುದಿ-ಮೊದಲನ್ನು ಜೋಡಿಸಿದ ಜಾಗದಲ್ಲಿ ಒಂದು ಎಡವು ಇರುತ್ತದೆ. ಒಮ್ಮೆ ಅದು ಕಿವಿಗೆ ಬಿದ್ದರೆ ಪ್ರತಿಸಲವೂ ಅದನ್ನೇ ಕಾಯುವಂತಾಗುತ್ತದೆ. ಒಂದೇ ಕೆಲಸ ಮಾಡುವ ಸಾಧನ ಆ ಒಂದನ್ನು ನೆಮ್ಮದಿಯಾಗಿ ಮಾಡುತ್ತದೆ.

ಶ್ರುತಿಪೆಟ್ಟಿಗೆಯ ನಾದವನ್ನು ಕೊಡುವ ಎಲೆಕ್ಟ್ರಾನಿಕ್ ಸಾಧನಗಳೂ ಅದೇ ಅಂಗಡಿಯಲ್ಲಿ, ಕಡಿಮೆ ಬೆಲೆಗೆ ಸಿಗುತ್ತವೆ. ಹರಿಕಥೆಗೂ ಭಜನೆಗೂ ಅವು ಸೊಗಸು, ಏಕೆಂದರೆ ಹತ್ತು ಜನರ ದನಿಯ ನಡುವೆಯೂ ಎಡೆಬಿಡದ ಅವುಗಳ ನಾದ ಕೇಳುತ್ತದೆ. ಮನೆಯ ಹಿನ್ನೆಲೆಗೆ ಮಾತ್ರ ಅವನ್ನು ನಾನು ಶಿಫಾರಸು ಮಾಡುವುದಿಲ್ಲ. ಉಸಿರು ಬಿಡದೆ ಒಂದೇ ಸಮನೆ ನುಡಿಯುವ ನಾದ ಹತ್ತಿಪ್ಪತ್ತು ನಿಮಿಷಕ್ಕೆ ತಲೆ ಕಾಯಿಸುತ್ತದೆ. ಮೀಟು, ಏರಿಕೆ, ಕ್ಷೀಣಿಸುವಿಕೆ, ಮತ್ತೆ ಮೀಟು ಎಂಬ ತಂಬೂರಿಯ ನಡಿಗೆಗೆ ಆ ದೋಷವಿಲ್ಲ.

ತಂಬೂರಿ ಪೆಟ್ಟಿಗೆಗೂ ಕೊರತೆಗಳಿವೆ. ಎಲ್ಲಕ್ಕಿಂತ ದೊಡ್ಡದು ಅದರ ನಿರ್ದೋಷತೆಯೇ. ಮರದ ತಂಬೂರಿ ಮಳೆಗಾಲದಲ್ಲಿ ಒಂದು ಬಗೆ, ಬೇಸಿಗೆಯಲ್ಲಿ ಇನ್ನೊಂದು ಬಗೆ. ಬಿರಡೆ ತಿರುವಿ, ಮಣಿ ಸರಿಸಿ, ಜೀವಾಳವನ್ನು ಎಳೆದು ಸರಿಪಡಿಸುವ ಆ ಕೆಲವು ನಿಮಿಷಗಳು ಕಿವಿಯನ್ನು ಹದಗೊಳಿಸುತ್ತವೆ, ಮತ್ತು ಮೀಟುವ ಬೆರಳು ಎರಡು ಸಲ ಒಂದೇ ಥರ ಬೀಳುವುದಿಲ್ಲ. ಪೆಟ್ಟಿಗೆಯಲ್ಲಿ ಪ್ರತಿ ಮೀಟೂ ಹಿಂದಿನದರ ಅಚ್ಚು. ಬಹಳ ಹೊತ್ತು ಏಕಾಗ್ರವಾಗಿ ಕೇಳಿದರೆ ಮುದ್ರಣದೊಳಗಿನ ಯಾವುದೋ ಒಂದು ಸಣ್ಣ ಕರಕು, ಮೀಟಿದವರ ಉಗುರು ತಾಗಿದ್ದೋ ಏನೋ, ಸುತ್ತಿ ಸುತ್ತಿ ಬರುವುದು ಗೊತ್ತಾಗುತ್ತದೆ. ಕೆಲಸ ಮಾಡುತ್ತ ಕೇಳುವವರಿಗೆ ಇದು ಅಡ್ಡಿಯಲ್ಲ. ಕಣ್ಮುಚ್ಚಿ ಕೂರಲು ಬಯಸುವವರಿಗೆ ಅಡ್ಡಿ. ಅಂಥವರಿಗೆ ಸಾಧ್ಯವಾದರೆ ಮಿರಜಿನಲ್ಲೋ ತಂಜಾವೂರಿನಲ್ಲೋ ತಯಾರಾದ ಮರದ ತಂಬೂರಿಯೇ ಸರಿ, ಅದನ್ನಿಡುವ ಜಾಗ ಮತ್ತು ಶ್ರುತಿಗೂಡಿಸಿಕೊಡುವ ಒಬ್ಬರು ಹತ್ತಿರದಲ್ಲಿದ್ದರೆ. ನಮ್ಮ ಪೆಟ್ಟಿಗೆಯ ಪರದೆಯ ನೀಲಿ ಬೆಳಕು ಕತ್ತಲಕೋಣೆಯಲ್ಲಿ ಕಣ್ಣಿಗೆ ಚುಚ್ಚುತ್ತದೆ. ಮೇಲೊಂದು ಕರವಸ್ತ್ರ ಹೊದಿಸುವುದೇ ಉಪಾಯ. ಆರಿಸಿ ಮತ್ತೆ ಹಾಕಿದಾಗ ಕೊನೆಯ ಶ್ರುತಿಯನ್ನು ನೆನಪಿಟ್ಟುಕೊಳ್ಳುವ ಸೌಲಭ್ಯ ಎಲ್ಲ ಪೆಟ್ಟಿಗೆಗಳಲ್ಲೂ ಇರುವುದಿಲ್ಲವಾದ್ದರಿಂದ ಕೊಳ್ಳುವಾಗ ಅದನ್ನು ವಿಚಾರಿಸುವುದು ಒಳ್ಳೆಯದು.

ಕೊಳ್ಳುವುದಾದರೆ ಆನ್‌ಲೈನ್ ಬದಲು ಅಂಗಡಿಗೆ ಹೋಗಬೇಕೆಂದೇ ನನ್ನ ಸಲಹೆ. ಬೆಂಗಳೂರಿನವರಿಗೆ ಬಳೇಪೇಟೆಯಿದೆ, ವಾದ್ಯಗಳ ಅಂಗಡಿಗಳು ಅಲ್ಲಿ ಒತ್ತೊತ್ತಾಗಿವೆ, ಒಂದರಲ್ಲಿ ಮನಸ್ಸಿಗೆ ಬರದಿದ್ದರೆ ಮುಂದಿನದರಲ್ಲಿ ಕೇಳಬಹುದು. ಅಂಗಡಿಯವರು ಪೂರಾ ವಾಲ್ಯೂಮಿನಲ್ಲಿ ನುಡಿಸಿ ತೋರಿಸುವುದು ರೂಢಿ, ಏಕೆಂದರೆ ಹೊರಗೆ ಗಾಡಿಗಳ ಸದ್ದು. ‘ಯಜಮಾನ್ರೇ, ಸ್ವಲ್ಪ ಕಡಿಮೆ ಮಾಡಿ, ಫ್ಯಾನೂ ಆರಿಸಿಬಿಡಿ’ ಎಂದು ಕೇಳಿಕೊಳ್ಳಲು ಸಂಕೋಚ ಬೇಡ. ಸಂಗೀತದವರ ಒಡನಾಟವಿರುವ ಅಂಗಡಿಯವರು ಇದನ್ನು ತಪ್ಪು ತಿಳಿಯುವುದಿಲ್ಲ. ಒಂದೂವರೆ ಮನೆಯಲ್ಲೊಮ್ಮೆ, ಐದರಲ್ಲೊಮ್ಮೆ ಕೇಳಿ. ಎಷ್ಟೋ ಪೆಟ್ಟಿಗೆಗಳು ಹೆಂಗಸರ ಶ್ರುತಿಯಲ್ಲಿ ಚೆನ್ನಾಗಿದ್ದು ಗಂಡಸರ ಶ್ರುತಿಗೆ ಇಳಿಸಿದಾಗ ತಗಡು ಬಡಿದಂತೆ ಆಗುತ್ತವೆ. ಹೊರಗಿನ ಸ್ಪೀಕರಿಗೆ ಜೋಡಿಸುವ ತೂತು ಇದೆಯೇ ಎಂದು ನೋಡಿ. ಬೆಲೆ ಕೆಲವು ಸಾವಿರ ರೂಪಾಯಿಗಳ ಲೆಕ್ಕದ್ದು. ಹೆಚ್ಚು ಕೊಟ್ಟಂತೆ ತಬಲಾ, ತಾಳ, ಸ್ವರಮಂಡಲ ಎಂದು ಸೇರಿಕೊಳ್ಳುವ ಸೌಲಭ್ಯಗಳು ಕಲಿಯುವವರಿಗೆ ಬೇಕಾದವು, ಹಾಡದವರ ಮನೆಗೆ ಅನಾವಶ್ಯಕ. ಆ ದುಡ್ಡನ್ನು ಒಳ್ಳೆಯ ಸ್ಪೀಕರುಳ್ಳ ಸರಳ ಪೆಟ್ಟಿಗೆಗೆ ಹಾಕುವುದು ಲೇಸು.

ಕರೆಂಟು ಹೋಗುವ ಊರಿನವರು ಬ್ಯಾಟರಿಯಿಂದಲೂ ನಡೆಯುವುದನ್ನೇ ಆರಿಸಿಕೊಳ್ಳಲಿ. ಅಡಾಪ್ಟರನ್ನು ಮಾತ್ರ ಪೆಟ್ಟಿಗೆಯ ಜೊತೆ ಬಂದದ್ದನ್ನೇ ಬಳಸಬೇಕು. ಮನೆಯಲ್ಲಿ ಬಿದ್ದಿರುವ ಬೇರೆ ಅಡಾಪ್ಟರ್ ಸಿಗಿಸಿದರೆ ನಾದದ ಕೆಳಗೆ ಗುಂಯ್ ಎಂಬ ಸದ್ದು ಸೇರಿಕೊಳ್ಳಬಹುದು, ವೋಲ್ಟೇಜು ಹೊಂದದಿದ್ದರೆ ಪೆಟ್ಟಿಗೆಯೇ ಸುಟ್ಟುಹೋಗಬಹುದು. ಅಡುಗೆಮನೆಯಲ್ಲಿಡುವವರು ಒಲೆಯಿಂದ ಮಾರುದೂರದಲ್ಲಿಟ್ಟು, ಒಗ್ಗರಣೆಯ ಜಿಡ್ಡು ಸ್ಪೀಕರಿನ ಜಾಲರಿಗೆ ಹಿಡಿಯದಂತೆ ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿಕೊಂಡರೆ ಸಾಕು.